ಸೈತಾನನ ಸಂಗೀತ ಎಂದವರಿಗೆ

ಅಮೆರಿಕದ ಕಪ್ಪು ಜನರು ಕಟ್ಟಿದ ‘ಬ್ಲೂಸ್’ ಎಂಬ ಸಂಗೀತದ ಮೇಲೆ ಎರಡು ಮಾತುಗಳು ಒಂದು ಶತಮಾನದಿಂದ ಚಲಾವಣೆಯಲ್ಲಿವೆ. ಮೊದಲನೆಯದು, ಅದು ಸೈತಾನನ ಸಂಗೀತ. ಕುಡಿತ, ಜೂಜು, ಹಾದರಗಳ ನಡುವೆ ಹುಟ್ಟಿದ್ದು. ದೈವಭಕ್ತರ ಮನೆಯಲ್ಲಿ ಅದಕ್ಕೆ ಜಾಗವಿಲ್ಲ ಎಂಬುದು. ಎರಡನೆಯದು ಮೇಲ್ನೋಟಕ್ಕೆ ಮೃದುವಾದದ್ದು: ಪಾಪ, ನೊಂದವರ ಗೋಳು ಅದು, ಕೇಳಿ ಮರುಗಿದರೆ ಸಾಕು ಎಂಬುದು. ಮೊದಲನೆಯ ಮಾತು ಆ ಹಾಡನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಎರಡನೆಯದು ಒಳಗೆ ಕರೆದು ಮೂಲೆಯಲ್ಲಿ ಕೂರಿಸುತ್ತದೆ. ಎರಡೂ ತಪ್ಪು ಎಂದು ವಾದಿಸುವುದೇ ಈ ಲೇಖನದ ಉದ್ದೇಶ. ದೂರು ಕೊಟ್ಟರೆ ಕೇಳುವ ನ್ಯಾಯಾಲಯವಿಲ್ಲದ, ಮತ ಹಾಕಲು ಬಿಡದ ನಾಡಿನಲ್ಲಿ ಬದುಕಿದ ಒಂದು ಜನಸಮುದಾಯ, ತಾನು ಎಲ್ಲಿದ್ದೆ, ಏಕೆ ಹೊರಟೆ, ಹೋದಲ್ಲಿ ಏನು ಕಂಡೆ ಎಂಬುದನ್ನು ತನ್ನ ಬಾಯಿಂದಲೇ ಹೇಳಿಟ್ಟ ವಲಸೆಯ ಚರಿತ್ರೆ ಬ್ಲೂಸ್. ಚರಿತ್ರೆಯನ್ನು ಕಿವಿಗೊಟ್ಟು ಕೇಳಬೇಕು. ಅದನ್ನು ಶಪಿಸುವುದಾಗಲಿ, ಅದರ ಬಗ್ಗೆ ಕನಿಕರ ತೋರಿ ಸುಮ್ಮನಾಗುವುದಾಗಲಿ ಕೇಳಿದಂತಾಗುವುದಿಲ್ಲ.

ಮೊದಲಿಗೆ ಆ ಜನ ಎಲ್ಲಿದ್ದರು ಎಂಬುದನ್ನು ನೋಡೋಣ. 1865ರಲ್ಲಿ ಅಮೆರಿಕದ ಸಂವಿಧಾನಕ್ಕೆ ಹದಿಮೂರನೆಯ ತಿದ್ದುಪಡಿಯಾಗಿ ಗುಲಾಮಗಿರಿ ಕಾನೂನಿನಲ್ಲಿ ಅಳಿಯಿತು. ಆದರೆ ಬಿಡುಗಡೆಯಾದವರಿಗೆ ಭೂಮಿ ಸಿಗಲಿಲ್ಲ. ಹಳೆಯ ಒಡೆಯನ ಹೊಲದಲ್ಲೇ ಅವರು ಪಾಲಿನ ಬೇಸಾಯಕ್ಕೆ ಇಳಿದರು. ನಮ್ಮ ಹಳ್ಳಿಗಳಲ್ಲಿ ವಾರಕ್ಕೆ ಮಾಡುವುದು, ಕೋರಿಗೆ ಮಾಡುವುದು ಎನ್ನುತ್ತಾರಲ್ಲ, ಅಂಥದ್ದೇ ವ್ಯವಸ್ಥೆ. ಬೆಳೆದ ಹತ್ತಿಯಲ್ಲಿ ಅರ್ಧ ಒಡೆಯನಿಗೆ. ಉಳಿದರ್ಧದಲ್ಲಿ ಬೀಜ, ಗೊಬ್ಬರ, ಹೇಸರಗತ್ತೆಯ ಬಾಡಿಗೆ ಮತ್ತು ವರ್ಷವಿಡೀ ಒಡೆಯನ ಅಂಗಡಿಯಿಂದಲೇ ಉದ್ರಿ ತಂದ ಹಿಟ್ಟು, ಉಪ್ಪಿಟ್ಟ ಮಾಂಸ, ಬಟ್ಟೆಗಳ ಲೆಕ್ಕ ಕಳೆಯಬೇಕು. ಲೆಕ್ಕದ ಪುಸ್ತಕ ಒಡೆಯನ ಕೈಯಲ್ಲಿ. ವರ್ಷದ ಕೊನೆಗೆ ಲೆಕ್ಕ ಚುಕ್ತಾ ಮಾಡುವ ದಿನ ಬಹುಪಾಲು ಕುಟುಂಬಗಳಿಗೆ ಬರಿಗೈ, ಇಲ್ಲವೇ ಮುಂದಿನ ವರ್ಷಕ್ಕೆ ಸಾಗುವ ಸಾಲ. ಲೆಕ್ಕ ತಪ್ಪಿದೆ ಎಂದು ಹೇಳುವುದು ಜೀವಕ್ಕೇ ಕುತ್ತು. ದಕ್ಷಿಣದ ರಾಜ್ಯಗಳಲ್ಲಿ 1877ರಿಂದ 1950ರವರೆಗೆ ಗುಂಪುಗಳು ನೇಣಿಗೇರಿಸಿ, ಸುಟ್ಟು, ಗುಂಡಿಟ್ಟು ಕೊಂದ ಕಪ್ಪು ಜನರ ಸಂಖ್ಯೆ 4,000ಕ್ಕೂ ಹೆಚ್ಚು ಎಂದು ದಾಖಲೆಯಾಗಿದೆ.

ಬ್ಲೂಸ್ ರೂಪುಗೊಂಡದ್ದು ಇಂಥ ನೆಲದಲ್ಲಿ, ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ತೊಡಗುವ ಹೊತ್ತಿಗೆ. ಹೊಲದಲ್ಲಿ ಒಬ್ಬಂಟಿಯಾಗಿ ದುಡಿಯುವವನು ಎಳೆದು ಕೂಗುತ್ತಿದ್ದ ಕೂಗು, ಗುಂಪಿನಲ್ಲಿ ಗುದ್ದಲಿ ಎತ್ತುವವರ ದುಡಿಮೆಯ ಹಾಡು, ದೇವಾಲಯದ ಆರಾಧನೆಯಲ್ಲಿ ಒಬ್ಬರು ಹೇಳಿ ಎಲ್ಲರೂ ಮರುದನಿಗೊಡುವ ಪದ್ಧತಿ, ಇವೆಲ್ಲ ಅದರೊಳಗೆ ಸೇರಿವೆ. ಅದರ ಕಟ್ಟಡ ಸರಳ. ಹನ್ನೆರಡು ಘಟಕಗಳ ಒಂದು ಆವರ್ತ. ಮೊದಲ ಸಾಲನ್ನು ಹಾಡಿ, ಅದನ್ನೇ ಮತ್ತೆ ಹಾಡಿ, ಮೂರನೆಯ ಸಾಲಿನಲ್ಲಿ ಉತ್ತರ ಕೊಡುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಒಂದೊಂದು ಸಾಲಿನ ಕೊನೆಗೂ ಗಿಟಾರ್ ತನ್ನ ಪಾಲಿನ ಮಾತನ್ನು ಆಡುತ್ತದೆ. ಸಾಕ್ಷಿ ಹೇಳುವವನು ಮುಖ್ಯವಾದ ಮಾತನ್ನು ಎರಡು ಸಲ ಹೇಳುತ್ತಾನೆ; ಕೇಳುವವರು ಕೇಳಿಸಿಕೊಂಡರೆಂದು ಖಾತ್ರಿಯಾದ ಮೇಲೆ ಮುಂದಿನದನ್ನು ಹೇಳುತ್ತಾನೆ. ಬ್ಲೂಸ್ ಹಾಡುಗಾರನ ರೀತಿಯೂ ಅದೇ.

ಡಬ್ಲ್ಯೂ. ಸಿ. ಹ್ಯಾಂಡಿ ಎಂಬ ಕಪ್ಪು ವಾದ್ಯಗಾರರು 1941ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಒಂದು ರಾತ್ರಿಯನ್ನು ನೆನೆದಿದ್ದಾರೆ. ಸುಮಾರು 1903ರಲ್ಲಿ ಮಿಸಿಸಿಪಿ ರಾಜ್ಯದ ಟಟ್‌ವೈಲರ್ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ ಗಂಟೆಗಟ್ಟಲೆ ತಡವಾದ ರೈಲಿಗಾಗಿ ಅವರು ಕಾಯುತ್ತಿದ್ದರು. ಹರಕು ಬಟ್ಟೆಯ ಕಪ್ಪು ಮನುಷ್ಯನೊಬ್ಬ ಪಕ್ಕದಲ್ಲಿ ಕುಳಿತು, ಗಿಟಾರ್‌ನ ತಂತಿಯ ಮೇಲೆ ಚಾಕುವನ್ನೊತ್ತಿ ನುಡಿಸುತ್ತ ಹಾಡತೊಡಗಿದ. ಹಾಡಿನ ವಿಷಯ, ಎರಡು ರೈಲುಹಾದಿಗಳು ಒಂದನ್ನೊಂದು ದಾಟುವ ಒಂದು ಊರಿಗೆ ಹೋಗುವುದು. ಬ್ಲೂಸ್ ಕುರಿತ ಆರಂಭದ ದಾಖಲೆಗಳಲ್ಲಿ ಹೆಸರಾದದ್ದು ಇದು. ಅದರಲ್ಲಿ ಸೈತಾನನಿಲ್ಲ, ಕುಡಿತವಿಲ್ಲ. ಒಬ್ಬ ಮನುಷ್ಯ ತಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದನ್ನು ಹೇಳುತ್ತಿದ್ದಾನೆ, ಅಷ್ಟೇ.

ಅಷ್ಟೇ ಎಂದೆನಾದರೂ, ಅದು ಸಣ್ಣ ಮಾತಲ್ಲ. ಗುಲಾಮನಾದವನು ಒಡೆಯನ ಚೀಟಿಯಿಲ್ಲದೆ ತೋಟದ ಗಡಿ ದಾಟುವಂತಿರಲಿಲ್ಲ. ಬಿಡುಗಡೆಯ ನಂತರವೂ ಮಿಸಿಸಿಪಿಯಂಥ ರಾಜ್ಯಗಳು 1865ರಲ್ಲೇ ಕಾನೂನು ಮಾಡಿ, ಕೆಲಸದ ಕರಾರು ತೋರಿಸಲಾರದ ಕಪ್ಪು ಮನುಷ್ಯನನ್ನು ಅಲೆಮಾರಿಯೆಂದು ಬಂಧಿಸಿ ದುಡಿಮೆಗೆ ಹಚ್ಚಿದವು. ತನ್ನ ಇಷ್ಟದಂತೆ ಎದ್ದು ಹೊರಡುವುದೇ ಅಪರಾಧವಾಗಿದ್ದ ನಾಡಿನಲ್ಲಿ ‘ನಾನು ಹೊರಡುತ್ತೇನೆ’ ಎಂದು ಗಟ್ಟಿಯಾಗಿ ಹಾಡುವುದಕ್ಕೆ ಏನೆನ್ನಬೇಕು? ಬ್ಲೂಸ್ ಹಾಡುಗಳಲ್ಲಿ ರೈಲು, ರಸ್ತೆ, ಪೆಟ್ಟಿಗೆ, ಬೀಳ್ಕೊಡುಗೆಗಳು ಅಷ್ಟೊಂದು ಸಲ ಬರುವುದನ್ನು ಕಂಡು, ಬೇರಿಲ್ಲದ ಪೋಲಿಗಳ ಹಾಡು ಎಂದು ತೀರ್ಪು ಕೊಟ್ಟವರಿದ್ದಾರೆ. ಕಟ್ಟಿಹಾಕಿದವನೇ ಓಡಾಡುವವನನ್ನು ಪೋಲಿ ಎಂದು ಕರೆಯುವುದನ್ನು ನಾವು ಒಪ್ಪಬೇಕೇ?

ಅವರು ಹೊರಟರು. ಒಬ್ಬಿಬ್ಬರಲ್ಲ, ಸುಮಾರು 1910ರಿಂದ 1970ರವರೆಗಿನ ಆರು ದಶಕಗಳಲ್ಲಿ ಸುಮಾರು 60 ಲಕ್ಷ ಜನ ದಕ್ಷಿಣವನ್ನು ಬಿಟ್ಟು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಹೋದರು. ಚರಿತ್ರೆಕಾರರು ಇದನ್ನು ‘ಮಹಾವಲಸೆ’ ಎಂದು ಕರೆಯುತ್ತಾರೆ. 1910ರಲ್ಲಿ ಅಮೆರಿಕದ ಕಪ್ಪು ಜನರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ದಕ್ಷಿಣದಲ್ಲಿದ್ದರು. 1970ರ ಹೊತ್ತಿಗೆ ಆ ಪಾಲು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಹತ್ತಿಕಾಯಿಯನ್ನು ಕೊರೆಯುವ ಬೋಲ್ ವೀವಿಲ್ ಎಂಬ ಮೂತಿಹುಳು ಮೆಕ್ಸಿಕೊ ಕಡೆಯಿಂದ ಬಂದು ಬೆಳೆಯನ್ನು ನಾಶಮಾಡಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಯೂರೋಪಿನಿಂದ ಬರುವ ಕಾರ್ಮಿಕರು ನಿಂತುಹೋಗಿ, ಉತ್ತರದ ಉಕ್ಕಿನ ಕಾರ್ಖಾನೆಗಳಿಗೂ ಮಾಂಸ ಸಂಸ್ಕರಣೆಯ ಕಾರ್ಖಾನೆಗಳಿಗೂ ಆಳುಗಳು ಬೇಕಾದರು. ರಾಬರ್ಟ್ ಅಬಟ್ ಅವರು 1905ರಲ್ಲಿ ಶಿಕಾಗೋದಲ್ಲಿ ಆರಂಭಿಸಿದ ‘ಶಿಕಾಗೋ ಡಿಫೆಂಡರ್’ ಪತ್ರಿಕೆಯನ್ನು ರೈಲುಗಾಡಿಗಳ ಕಪ್ಪು ಪರಿಚಾರಕರು ದಕ್ಷಿಣದ ಊರೂರಿಗೆ ಗುಟ್ಟಾಗಿ ತಲಪಿಸಿದರು. ಓದು ಬಂದವರು ಅದನ್ನು ಓದು ಬಾರದವರಿಗೆ ಓದಿ ಹೇಳಿದರು.

ದಕ್ಷಿಣದ ಒಡೆಯರು ಸುಮ್ಮನಿರಲಿಲ್ಲ. ಜಾರ್ಜಿಯಾ ರಾಜ್ಯದ ಮೇಕನ್ ನಗರವು ಆಳುಗಳನ್ನು ಕರೆದೊಯ್ಯುವ ದಲ್ಲಾಳಿಗಳಿಗೆ 25,000 ಡಾಲರ್ ಪರವಾನಗಿ ಶುಲ್ಕ ವಿಧಿಸಿತು. ಕೆಲವೆಡೆ ನಿಲ್ದಾಣದಲ್ಲಿ ಕಾದವರನ್ನು ಪೊಲೀಸರು ಬಂಧಿಸಿದರು, ರೈಲು ಹತ್ತಿದವರನ್ನೂ ಕೆಳಗಿಳಿಸಿದರು. ಇದನ್ನು ಓದುವಾಗ ವಿಮೋಚನಾಕಾಂಡದ ಫರೋಹನು ನಿಮಗೆ ನೆನಪಾಗದಿದ್ದರೆ, ಆ ಗ್ರಂಥವನ್ನು ನಾವು ಬರಿಯ ಕಥೆಯಾಗಿ ಓದಿದ್ದೇವೆ ಎಂದೇ ಅರ್ಥ. ಇಟ್ಟಿಗೆ ಮಾಡುವ ಆಳುಗಳು ಕೈತಪ್ಪಿ ಹೋಗುತ್ತಾರೆಂಬ ಭಯವೇ ಅಲ್ಲಿ ಫರೋಹನ ಮನಸ್ಸನ್ನು ಕಲ್ಲಾಗಿಸಿದ್ದು.

ಬ್ಲೂಸ್ ಈ ವಲಸೆಯ ಸಾಕ್ಷ್ಯವಾದದ್ದು ಹೇಗೆ ಎಂಬುದಕ್ಕೆ 1927ರ ಪ್ರವಾಹಕ್ಕಿಂತ ಉತ್ತಮ ನಿದರ್ಶನವಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಮಿಸಿಸಿಪಿ ನದಿಯ ಏರಿ ಗ್ರೀನ್‌ವಿಲ್ ಊರಿನ ಬಳಿ ಒಡೆಯಿತು. ಇಡೀ ನದಿಬಯಲಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ನಿರಾಶ್ರಿತರಾದರು. ಗ್ರೀನ್‌ವಿಲ್‌ನಲ್ಲಿ ಸಾವಿರಾರು ಕಪ್ಪು ಜನರು ಉಳಿದ ಏರಿಯ ಮೇಲೆ ಸಿಕ್ಕಿಕೊಂಡರು. ಅವರನ್ನು ದೋಣಿಗಳಲ್ಲಿ ಸಾಗಿಸಬಹುದಿತ್ತು. ಹೋದವರು ಮರಳಿ ಬರಲಾರರು, ಹತ್ತಿ ಬಿಡಿಸಲು ಆಳುಗಳಿರುವುದಿಲ್ಲ ಎಂದು ಜಮೀನುದಾರರು ತಡೆದರು. ಬಂದೂಕು ಹಿಡಿದವರ ಕಾವಲಿನಲ್ಲಿ, ಬಟ್ಟೆಗೆ ಗುರುತಿನ ಚೀಟಿ ಕಟ್ಟಿಕೊಂಡು, ಅವರು ಏರಿಯ ಮೇಲೆ ದುಡಿಯಬೇಕಾಯಿತು. ಎರಡು ವರ್ಷಗಳ ನಂತರ, 1929ರಲ್ಲಿ, ಮಿಸಿಸಿಪಿಯ ಡಾಕರಿ ತೋಟದಲ್ಲಿ ಬೆಳೆದ ಚಾರ್ಲಿ ಪ್ಯಾಟನ್ ದೂರದ ವಿಸ್ಕಾನ್ಸಿನ್ ರಾಜ್ಯದಲ್ಲಿ ಆ ಪ್ರವಾಹದ ಹಾಡನ್ನು ಧ್ವನಿಮುದ್ರಿಸಿದರು. ನೀರು ನುಗ್ಗಿದ ಊರುಗಳನ್ನು ಅವರು ಒಂದೊಂದಾಗಿ ಹೆಸರಿಸುತ್ತಾರೆ. ಎತ್ತರದ ನೆಲಕ್ಕೆ ಹೋಗಬೇಕೆಂದರೆ ತನ್ನನ್ನು ತಡೆದರೆಂದು ಹೇಳುತ್ತಾರೆ. ಅದೇ ವರ್ಷ ಮೆಂಫಿಸ್ ಮಿನ್ನಿ ಮತ್ತು ಜೋ ಮೆಕಾಯ್ ಏರಿ ಒಡೆಯುವುದನ್ನೇ ಕುರಿತು ಹಾಡಿದರು. ಅದನ್ನು 1971ರಲ್ಲಿ ಲೆಡ್ ಜೆಪೆಲಿನ್ ತಂಡ ಮರುಹಾಡಿ ಜಗತ್ತಿಗೆಲ್ಲ ಕೇಳಿಸಿತು. ಓದುಗರೇ, ತಡೆದರು ಎಂಬ ಆ ಮಾತನ್ನು ತಡೆಸಿಕೊಂಡವರ ದನಿಯಲ್ಲೇ ಇಂದಿಗೂ ಕೇಳಬಹುದು. ಇದು ಗೋಳಾಟವೋ, ಹೇಳಿಕೆಯೋ? ನೀವೇ ನಿರ್ಧರಿಸಿ.

ಇನ್ನು ಸೈತಾನನ ವಿಷಯಕ್ಕೆ ಬರೋಣ. ರಾಬರ್ಟ್ ಜಾನ್ಸನ್ ಎಂಬ ಹಾಡುಗಾರನು ನಾಲ್ಕು ಹಾದಿ ಕೂಡುವಲ್ಲಿ ನಡುರಾತ್ರಿ ಸೈತಾನನಿಗೆ ಆತ್ಮವನ್ನು ಮಾರಿ ಗಿಟಾರ್ ವಿದ್ಯೆಯನ್ನು ಪಡೆದನೆಂಬ ಕಥೆಯನ್ನು ಸಂಗೀತಪ್ರಿಯರು ಚಪ್ಪರಿಸಿಕೊಂಡು ಹೇಳುತ್ತಾರೆ; ಉಪದೇಶಕರು ಅದನ್ನೇ ಎಚ್ಚರಿಕೆಯಾಗಿ ಬಳಸುತ್ತಾರೆ. ಜಾನ್ಸನ್ 1911ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದವರು. 1936 ಮತ್ತು 1937ರಲ್ಲಿ ಟೆಕ್ಸಸ್‌ನಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿ, 1938ರಲ್ಲಿ 27ನೆಯ ವಯಸ್ಸಿಗೆ ತೀರಿಕೊಂಡರು. ಅವರಿಗೆ ಗಿಟಾರ್ ಕಲಿಸಿದವರು ಐಕ್ ಜಿಮ್ಮರ್‌ಮನ್ ಎಂಬ ಮನುಷ್ಯ; ರಾತ್ರಿಯಲ್ಲಿ ಯಾರಿಗೂ ತೊಂದರೆಯಾಗದಂತೆ ಸ್ಮಶಾನದಲ್ಲಿ ಕುಳಿತು ಅಭ್ಯಾಸ ಮಾಡುತ್ತಿದ್ದರೆಂದು ಗುರುವಿನ ಮನೆಯವರು ಹೇಳಿದ್ದಾರೆ. ಆತ್ಮಮಾರಾಟದ ಕಥೆ ದಟ್ಟವಾಗಿ ಹಬ್ಬಿದ್ದು ಅವರ ಮರಣದ ನಂತರ.

ಅವರ ಹೆಸರಾಂತ ಕೂಡುಹಾದಿಯ ಹಾಡನ್ನು ಕೇಳಿದವರು ಅದರಲ್ಲಿ ಸೈತಾನನೊಡನೆ ವ್ಯಾಪಾರವನ್ನು ಹುಡುಕಿದರೆ ನಿರಾಶರಾಗುತ್ತಾರೆ. ಆ ಹಾಡಿನ ಮನುಷ್ಯ ಮೊಣಕಾಲೂರಿ ದೇವರ ಕರುಣೆಯನ್ನು ಬೇಡುತ್ತಾನೆ. ಹಾದುಹೋಗುವ ವಾಹನಗಳಿಗೆ ಕೈ ಮಾಡುತ್ತಾನೆ; ಯಾರೂ ನಿಲ್ಲಿಸುವುದಿಲ್ಲ; ಹೊತ್ತು ಮುಳುಗುತ್ತಿದೆ. ಕತ್ತಲಾದ ಮೇಲೆ ಪರಸ್ಥಳದಲ್ಲಿ ಒಬ್ಬಂಟಿಯಾಗಿ ಸಿಕ್ಕ ಕಪ್ಪು ಮನುಷ್ಯನಿಗೆ ಆ ಕಾಲದ ಮಿಸಿಸಿಪಿಯಲ್ಲಿ ಏನಾಗಬಹುದಿತ್ತು ಎಂಬುದನ್ನು ಬಲ್ಲವರಿಗೆ ಆ ಅಂಜಿಕೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜಾನ್ಸನ್ ಸೈತಾನನ ಹೆಸರೆತ್ತಿ ಹಾಡಿದ ಬೇರೆ ಹಾಡುಂಟು, ಅದನ್ನು ಮುಚ್ಚಿಡುವುದು ಬೇಡ. ಆದರೆ ಕೂಡುಹಾದಿಯಲ್ಲಿ ಪ್ರಾರ್ಥಿಸಿದವನನ್ನೇ ಆತ್ಮ ಮಾರಿಕೊಂಡವನೆಂದು ಜಗತ್ತು ನೆನಪಿಟ್ಟುಕೊಂಡಿತಲ್ಲ, ಅದರಿಂದ ಲಾಭವಾದದ್ದು ಯಾರಿಗೆ? ಕೆಡುಕನ್ನು ಹಾಡುಗಾರನ ಬೆರಳಲ್ಲಿ ಹುಡುಕಿದರೆ, ಒಡೆಯನ ಲೆಕ್ಕದ ಪುಸ್ತಕದಲ್ಲಿ ಹುಡುಕುವ ತೊಂದರೆ ತಪ್ಪುತ್ತದೆ. ಆ ನಾಡಿನಲ್ಲಿ ಸೈತಾನನು ಕೆಲಸ ಮಾಡುತ್ತಿದ್ದದ್ದು ನಿಜವಾದರೆ, ನೇಣುಗಂಬದ ಬುಡದಲ್ಲಿ ನಿಂತು ಚಿತ್ರ ತೆಗೆಸಿಕೊಂಡು, ಭಾನುವಾರ ದೇವಾಲಯಕ್ಕೆ ಹೋದವರ ನಡುವೆ ಅವನನ್ನು ಮೊದಲು ಹುಡುಕಬೇಕಿತ್ತು.

ಬ್ಲೂಸ್ ಎರಡನೆಯ ಸುಳ್ಳಿಗೂ ಉತ್ತರ ಕೊಟ್ಟಿದೆ. ಬರಿಯ ಗೋಳಾಗಿದ್ದರೆ ಅದು ಊರು ಬಿಟ್ಟೊಡನೆ ಮುಗಿಯಬೇಕಿತ್ತು. ಅದು ವಲಸಿಗರೊಡನೆ ಪ್ರಯಾಣ ಮಾಡಿ, ಅವರೊಡನೆ ಬದಲಾಯಿತು. ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ತರುಣ ಮಿಸಿಸಿಪಿಯ ಸ್ಟೋವಾಲ್ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರು. 1941ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ ಗ್ರಂಥಾಲಯಕ್ಕಾಗಿ ಬಂದ ಆಲನ್ ಲೋಮ್ಯಾಕ್ಸ್ ಮತ್ತು ಜಾನ್ ವರ್ಕ್ ಅವರ ಹಾಡನ್ನು ಧ್ವನಿಮುದ್ರಿಸಿದರು. 1943ರಲ್ಲಿ ಗಂಟೆಗೆ 25 ಸೆಂಟು ಕೂಲಿ ಕೇಳಿದಾಗ ಮೇಸ್ತ್ರಿ ಒಪ್ಪಲಿಲ್ಲ. ಅವರು ಶಿಕಾಗೋ ರೈಲು ಹತ್ತಿದರು, ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು, ರಾತ್ರಿ ಹಾಡಿದರು. ಗದ್ದಲದ ನಗರದ ಪಾನಗೃಹಗಳಲ್ಲಿ ಬರಿಯ ಮರದ ಗಿಟಾರ್ ಯಾರಿಗೂ ಕೇಳಿಸದೆ, ವಿದ್ಯುತ್ ಗಿಟಾರ್ ಹಿಡಿದರು. 1948ರಲ್ಲಿ ಮಡ್ಡಿ ವಾಟರ್ಸ್ ಎಂಬ ಹೆಸರಿನಲ್ಲಿ ಅವರ ಧ್ವನಿಮುದ್ರಿಕೆ ಹೊರಬಂದಾಗ, ದಕ್ಷಿಣದಿಂದ ಬಂದವರು ಅದರಲ್ಲಿ ತಮ್ಮ ಊರಿನ ದನಿಯನ್ನೂ ಹೊಸ ನಗರದ ಸದ್ದನ್ನೂ ಒಟ್ಟಿಗೆ ಕೇಳಿದರು. ತಾನು ಬಂದದ್ದು ಎಲ್ಲಿಂದ ಎಂಬುದನ್ನು ಬಿಟ್ಟುಕೊಡದೆ, ಇರುವ ಜಾಗದಲ್ಲಿ ಕೇಳಿಸುವಷ್ಟು ದನಿಯೆತ್ತುವುದನ್ನು ಗೋಳೆಂದು ಕರೆಯಲಾಗದು.

ಶಿಕಾಗೋ ವಾಗ್ದತ್ತ ನಾಡಾಗಿರಲಿಲ್ಲ ಎಂಬುದನ್ನೂ ಬ್ಲೂಸ್ ಮುಚ್ಚಿಡಲಿಲ್ಲ. ಆ ನಗರದ ಕಪ್ಪು ಜನಸಂಖ್ಯೆ 1910ರಲ್ಲಿ ಸುಮಾರು 44,000 ಇದ್ದದ್ದು 1930ಕ್ಕೆ 2,34,000ದ ಹತ್ತಿರ ಬಂತು. ಆದರೆ ಅವರಿಗೆ ಬಾಡಿಗೆಗೆ ಸಿಗುತ್ತಿದ್ದದ್ದು ದಕ್ಷಿಣ ಭಾಗದ ಇಕ್ಕಟ್ಟಾದ ಒಂದು ಪಟ್ಟಿ. ಕಪ್ಪು ಜನರಿಗೆ ಮಾರಬಾರದು, ಬಾಡಿಗೆ ಕೊಡಬಾರದು ಎಂದು ಮನೆಯ ಪತ್ರಗಳಲ್ಲೇ ಕರಾರು ಬರೆಯಲಾಗುತ್ತಿತ್ತು. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1948ರಲ್ಲಿ. 1919ರ ಜುಲೈನಲ್ಲಿ ಸರೋವರದ ದಡದಲ್ಲಿ ಕಪ್ಪು ಹುಡುಗನೊಬ್ಬನ ಸಾವಿನಿಂದ ಹೊತ್ತಿಕೊಂಡ ಗಲಭೆಯಲ್ಲಿ 38 ಮಂದಿ ಸತ್ತರು. ಇತ್ತ 1944ರ ಅಕ್ಟೋಬರ್‌ನಲ್ಲಿ ಮಿಸಿಸಿಪಿಯ ಹಾಪ್ಸನ್ ತೋಟದಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಪ್ರದರ್ಶನ ನಡೆಯಿತು. ಪಳಗಿದ ಆಳು ಗಂಟೆಗೆ ಬಿಡಿಸುತ್ತಿದ್ದದ್ದು ಸುಮಾರು 20 ಪೌಂಡು. ಯಂತ್ರ ಬಿಡಿಸಿದ್ದು ಸುಮಾರು 1,000 ಪೌಂಡು. ಹಿಂದೆ ಹೋಗದಂತೆ ಕಾವಲು ಕಾದ ತೋಟಗಳಿಗೆ ಈಗ ಆ ಜನ ಬೇಡವಾದರು. ಹಿಂದಿರುಗಲು ಹೊಲವಿಲ್ಲದೆ, ಮುಂದೆ ಮನೆ ಸಿಗದೆ ನಿಂತವರ ಹಾಡಿನಲ್ಲಿ ಊರಿನ ಹಂಬಲವೂ ಊರಿನ ಭಯವೂ ಒಟ್ಟಿಗೇ ಇದ್ದರೆ ಸೋಜಿಗವೇನು?

ಬ್ಲೂಸ್ ಸೈತಾನನದೆಂದು ಹೇಳಿದವರಲ್ಲಿ ಕಪ್ಪು ಜನರ ದೇವಾಲಯಗಳ ಉಪದೇಶಕರೇ ಮುಂಚೂಣಿಯಲ್ಲಿದ್ದರು ಎಂಬುದನ್ನು ಒಪ್ಪಿಕೊಳ್ಳಬೇಕು. ಅವರಿಗೆ ಕಾರಣವಿತ್ತು. ಶನಿವಾರ ರಾತ್ರಿಯ ಕುಣಿತದ ಮನೆಗಳಲ್ಲಿ ವಾರದ ಕೂಲಿ ಕರಗುತ್ತಿತ್ತು. ಚಾಕು ಕೋವಿಗಳು ಹೊರಬರುತ್ತಿದ್ದವು. ಹೆಂಡತಿ ಮಕ್ಕಳು ಉಪವಾಸ ಬೀಳುತ್ತಿದ್ದರು. ಮೈಮನಸ್ಸಿನ ಆಸೆಗಳನ್ನು ಬೆತ್ತಲೆಯಾಗಿ ಹಾಡಿದ ಬ್ಲೂಸ್ ಹಾಡುಗಳು ಬೇಕಾದಷ್ಟಿವೆ. ಅವೆಲ್ಲವನ್ನೂ ಮಕ್ಕಳಿಗೆ ಕಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಕುರಿಪಾಲಕನ ಕಾಳಜಿ ಬೇರೆ, ಒಂದು ಜನಾಂಗದ ದನಿಯನ್ನೇ ಅಶುದ್ಧವೆಂದು ಹೊರಗಟ್ಟುವುದು ಬೇರೆ. ಈ ಎರಡರ ನಡುವಿನ ಗೆರೆ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಥಾಮಸ್ ಡಾರ್ಸಿಯವರ ಬಾಳೇ ಸಾಕ್ಷಿ.

ಡಾರ್ಸಿ 1899ರಲ್ಲಿ ಜಾರ್ಜಿಯಾದಲ್ಲಿ ಉಪದೇಶಕರೊಬ್ಬರ ಮಗನಾಗಿ ಹುಟ್ಟಿದರು. ವಲಸೆಯ ಅಲೆಯಲ್ಲಿ ಶಿಕಾಗೋ ಸೇರಿ, ಮಾ ರೇನಿಯೆಂಬ ಮಹಾ ಬ್ಲೂಸ್ ಗಾಯಕಿಗೆ ಪಿಯಾನೋ ನುಡಿಸಿದರು. 1928ರಲ್ಲಿ ಟ್ಯಾಂಪಾ ರೆಡ್ ಜೊತೆ ಅವರು ಮಾಡಿದ ಪೋಲಿ ಹಾಡೊಂದು ಭಾರಿ ಮಾರಾಟವಾಯಿತು. ಬಳಿಕ ಅದೇ ಬ್ಲೂಸಿನ ಲಯವನ್ನೂ ಬಾಗುವ ಸ್ವರಗಳನ್ನೂ ದೇವಸ್ತುತಿಗೆ ತಂದಾಗ, ಶಿಕಾಗೋದ ಪ್ರತಿಷ್ಠಿತ ಕಪ್ಪು ದೇವಾಲಯಗಳು ಅವರನ್ನು ಹೊರಗೆ ಕಳುಹಿಸಿದವು. ಸಂಸ್ಕೃತಿವಂತರೆನಿಸಿಕೊಳ್ಳಲು ಯೂರೋಪಿನ ಸ್ತುತಿಗೀತೆಗಳನ್ನು ಹಾಡುತ್ತಿದ್ದ ಆ ಸಭೆಗಳಿಗೆ, ದಕ್ಷಿಣದ ಹೊಲಗಳಿಂದ ಬಂದು ಹಿಂದಿನ ಸಾಲಿನಲ್ಲಿ ಕುಳಿತ ಬಡವರ ದನಿ ನಾಚಿಕೆ ತಂದಿತು. 1932ರಲ್ಲಿ ಡಾರ್ಸಿಯವರು ಸೇಂಟ್ ಲೂಯಿಸ್ ನಗರದಲ್ಲಿ ಹಾಡಲು ಹೋಗಿದ್ದಾಗ ಅವರ ಪತ್ನಿ ಹೆರಿಗೆಯಲ್ಲಿ ತೀರಿಕೊಂಡರು; ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ, ಪ್ರಭುವೇ ನನ್ನ ಕೈ ಹಿಡಿದು ನಡೆಸು ಎಂಬ ಭಾವದ ಸ್ತುತಿಗೀತೆಯನ್ನು ಅವರು ರಚಿಸಿದರು. ಶಿಕಾಗೋದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಅವರು ನಡೆಸಿದ ಗಾನವೃಂದದಿಂದ ಗಾಸ್ಪೆಲ್ ಸಂಗೀತ ದೇಶವೆಲ್ಲ ಹರಡಿತು. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಗುಂಡೇಟು ಬೀಳುವ ಕೆಲವೇ ನಿಮಿಷಗಳ ಮುಂಚೆ ಮಾರ್ಟಿನ್ ಲೂಥರ್ ಕಿಂಗ್ ಅವರು ಅಂದಿನ ಸಭೆಯಲ್ಲಿ ನುಡಿಸಬೇಕೆಂದು ಕೇಳಿಕೊಂಡದ್ದು ಆ ಗೀತೆಯನ್ನೇ. ಅವರ ಅಂತ್ಯಸಂಸ್ಕಾರದ ದಿನ ಅದನ್ನು ಹಾಡಿದವರು ಮಹಾಲಿಯಾ ಜಾಕ್ಸನ್, 1927ರಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಶಿಕಾಗೋಗೆ ಬಂದ ವಲಸಿಗ ಹುಡುಗಿ. ಬಾಗಿಲು ಹಾಕಿದವರ ಮಾತು ನಡೆದಿದ್ದರೆ ಜಗತ್ತಿನ ಕ್ರೈಸ್ತರಿಗೆ ಈ ಗೀತೆ ದಕ್ಕುತ್ತಿರಲಿಲ್ಲ.

ಕಪ್ಪು ಜನರ ದೈವಶಾಸ್ತ್ರಜ್ಞ ಜೇಮ್ಸ್ ಕೋನ್ 1972ರಲ್ಲಿ ಬರೆದ ಪುಸ್ತಕದಲ್ಲಿ ಗುಲಾಮರ ಭಕ್ತಿಗೀತೆಗಳನ್ನೂ ಬ್ಲೂಸನ್ನೂ ಒಂದೇ ಅನುಭವದ ಎರಡು ದನಿಗಳೆಂದು ಕಂಡರು. ನಮಗೆ ಇದು ಹೊಸದಾಗಬೇಕಿಲ್ಲ. ನಮ್ಮ ಕೀರ್ತನೆಗಳ ಗ್ರಂಥದಲ್ಲಿ 88ನೆಯ ಕೀರ್ತನೆ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. 137ನೆಯದು ಬಾಬಿಲೋನಿನ ನದಿಗಳ ಬಳಿ ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿ ಅತ್ತ ಸೆರೆಯಾಳುಗಳದ್ದು. ಅದರ ಕೊನೆಯ ಸಾಲುಗಳ ಸೇಡಿನ ಮಾತು ಎಷ್ಟು ಭೀಕರವೆಂದರೆ, ಧರ್ಮಸಭೆಯ ದೈನಂದಿನ ಪ್ರಾರ್ಥನಾ ಕ್ರಮದಲ್ಲಿ ಅವನ್ನು ಬಿಡಲಾಗಿದೆ. ಆದರೂ ಶ್ರೀಗ್ರಂಥದಿಂದ ಅವನ್ನು ಯಾರೂ ಕಿತ್ತುಹಾಕಲಿಲ್ಲ. ನೊಂದವರು ನಯವಾಗಿ ಮಾತಾಡಬೇಕೆಂಬ ನಿಯಮವನ್ನು ದೇವರು ಮಾಡಲಿಲ್ಲ.

ಈ ವಲಸೆ ನಮಗೆ ದೂರದ್ದೆಂದು ಯಾರಿಗಾದರೂ ಅನ್ನಿಸಿದರೆ ಒಂದು ಸಂಗತಿ ಹೇಳಬೇಕು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಶಿಕಾಗೋದಲ್ಲಿ ಹುಟ್ಟಿದವರು. ಅವರ ತಾಯಿಯ ತಂದೆತಾಯಿಗಳು ನ್ಯೂ ಆರ್ಲಿಯನ್ಸ್ ನಗರದ ಕ್ರಿಯೋಲ್ ಕಥೋಲಿಕರು. 1900ರ ಜನಗಣತಿಯಲ್ಲಿ ಅವರನ್ನು ಕಪ್ಪು ಜನರೆಂದು ದಾಖಲಿಸಲಾಗಿದೆ. 1910ರ ಆಚೀಚೆ ಅವರು ಶಿಕಾಗೋಗೆ ಬಂದರು. 1920ರ ಜನಗಣತಿಯಲ್ಲಿ ಅದೇ ಕುಟುಂಬ ಬಿಳಿಯರೆಂದು ದಾಖಲಾಯಿತು. ಮೊಮ್ಮಗನು ಪೇತ್ರನ ಪೀಠವೇರುವವರೆಗೆ ಈ ಮೂಲ ಲೋಕಕ್ಕೆ ತಿಳಿದಿರಲಿಲ್ಲ. ಆ ಹಿರಿಯರನ್ನು ತೂಗುವ ಅಧಿಕಾರ ನಮಗಿಲ್ಲ. ಆದರೆ ಹುಟ್ಟಿದ ಮೈಬಣ್ಣವನ್ನು ಹೇಳಿಕೊಂಡರೆ ಮನೆ ಸಿಗದ ಕಾಲವೊಂದಿತ್ತು, ಅದೇ ಕಾಲದಲ್ಲಿ ಕೆಲವರು ತಮ್ಮ ಊರಿನ ಹೆಸರು, ಒಡೆಯನ ಅನ್ಯಾಯ, ಹತ್ತಿದ ರೈಲು ಎಲ್ಲವನ್ನೂ ಗಟ್ಟಿಯಾಗಿ ಹಾಡಿದರು ಎಂಬುದನ್ನು ನೆನೆದರೆ, ಆ ಹಾಡಿನ ಧೈರ್ಯ ಎಷ್ಟಿತ್ತೆಂದು ತಿಳಿದೀತು.

ಆದ್ದರಿಂದ ತಂದೆತಾಯಿಯರೇ, ಗಾನವೃಂದದ ಹಿರಿಯರೇ, ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಧರ್ಮಕೇಂದ್ರದಲ್ಲಿ ಗಿಟಾರ್ ಕಲಿಯುವ ನಿಮ್ಮ ಮಕ್ಕಳು ಇಂದಲ್ಲ ನಾಳೆ ಬ್ಲೂಸಿನ ಹನ್ನೆರಡು ಘಟಕಗಳ ಆವರ್ತವನ್ನು ನುಡಿಸಿಯೇ ನುಡಿಸುತ್ತಾರೆ. ಆ ವಾದ್ಯವನ್ನು ಕಲಿಯುವವರಿಗೆ ಅದು ಸಿಗುವ ಮೊದಲ ಪಾಠಗಳಲ್ಲೊಂದು. ಆಗ ಸೈತಾನನ ಹೆಸರು ಹೇಳಿ ಅವರನ್ನು ಹೆದರಿಸಬೇಡಿ. ಈ ಹಾಡನ್ನು ಕಟ್ಟಿದವರು ಯಾರ ಹೊಲದಲ್ಲಿ ದುಡಿದರು, ಅವರ ಲೆಕ್ಕವನ್ನು ಯಾರು ಬರೆದರು, ಯಾವ ರೈಲು ಹತ್ತಿ ಎಲ್ಲಿಗೆ ಹೋದರು, ಅಲ್ಲಿ ಅವರಿಗೆ ಮನೆ ಸಿಕ್ಕಿತೇ ಎಂದು ಕೇಳಿ. ಮಕ್ಕಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಜೊತೆಯಲ್ಲಿ ಕುಳಿತು ಓದಿ. ಇಸ್ರಯೇಲರ ಬಿಡುಗಡೆಯ ಕಥೆಯನ್ನು ಪಾಸ್ಕ ಜಾಗರಣೆಯ ರಾತ್ರಿ ಪ್ರತಿ ವರ್ಷವೂ ಎದ್ದುನಿಂತು ಹಾಡಿ ಕೊಂಡಾಡುವ ನಾವು, ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲೇ ನಡೆದ ಇನ್ನೊಂದು ಬಿಡುಗಡೆಯ ಹಾಡಿಗೆ ಕಿವಿ ಮುಚ್ಚಿಕೊಳ್ಳುವುದು ತರವಲ್ಲ.